ಉತ್ತರ ಬೇಡ, ಉಳಿದ ಮೂರು ಯಾಕೆ ತಪ್ಪು ಹೇಳು!

ದ್ವಿತೀಯ ಪಿಯು ಪರೀಕ್ಷೆ ಮುಗಿದು ಸಿಇಟಿ ಹತ್ತಿರ ಬಂತು ಅಂದರೆ ಮನೆಮನೆಯಲ್ಲೂ ಒಂದು ಮಾತು ಶುರು: ‘ಅಮ್ಮಾ, ಕಂಬೈನ್ಡ್ ಸ್ಟಡಿಗೆ ಹೋಗ್ತೀನಿ.’ ಅಮ್ಮನಿಗೆ ಅನುಮಾನ. ಆ ಅನುಮಾನ ಪೂರ್ತಿ ಸುಳ್ಳೇನಲ್ಲ. ಒಬ್ಬ ಪ್ರಶ್ನೆ ಓದುತ್ತಾನೆ, ಚುರುಕಾದವಳು ‘ಆಪ್ಷನ್ ಸಿ’ ಅನ್ನುತ್ತಾಳೆ, ಉಳಿದವರು ಸಿ ಮೇಲೆ ಟಿಕ್ ಹಾಕಿ ಮುಂದಕ್ಕೆ ಹೋಗುತ್ತಾರೆ. ಸಂಜೆಯೊಳಗೆ ಇಡೀ ಪತ್ರಿಕೆ ಮುಗಿದಿರುತ್ತದೆ. ಯಾರೂ ಏನೂ ಕಲಿತಿರುವುದಿಲ್ಲ. ಆ ಚುರುಕಾದ ಹುಡುಗಿಗೆ ಅದು ಮೊದಲೇ ಗೊತ್ತಿತ್ತು, ಅಷ್ಟೇ.

ಕೆಮಿಸ್ಟ್ರಿ ಎಂಸಿಕ್ಯೂಗಳನ್ನು (ನಾಲ್ಕು ಆಪ್ಷನ್‌ನಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳನ್ನು) ಗುಂಪಿನಲ್ಲಿ ಬಿಡಿಸುವುದಕ್ಕೆ ಬೇರೆ ದಾರಿ ಇದೆ. ಸ್ವಲ್ಪ ನಿಧಾನ, ಆದರೆ ತಲೆಯಲ್ಲಿ ಉಳಿಯುತ್ತದೆ.

ಗುಂಪು ಮತ್ತು ಪತ್ರಿಕೆ

ಮೂರು ಅಥವಾ ನಾಲ್ಕು ಜನ ಸಾಕು. ಅದಕ್ಕಿಂತ ಜಾಸ್ತಿಯಾದರೆ ಒಬ್ಬರು ಮೊಬೈಲ್ ಹಿಡಿದು ಮೂಲೆ ಸೇರುತ್ತಾರೆ. ಎಲ್ಲರೂ ಟಾಪರ್ ಆಗಿರಬೇಕಿಲ್ಲ. ಒಬ್ಬನಿಗೆ ಫಿಸಿಕಲ್ ಕೆಮಿಸ್ಟ್ರಿಯ ಲೆಕ್ಕ ಸಲೀಸು, ಇನ್ನೊಬ್ಬಳಿಗೆ ಆರ್ಗ್ಯಾನಿಕ್ ರಿಯಾಕ್ಷನ್‌ಗಳು ನಾಲಿಗೆ ತುದಿಯಲ್ಲಿ. ಇಂಥ ಜೋಡಿ ಸಿಕ್ಕಿದರೆ ಬಿಡಬೇಡಿ.

ಸಿಇಟಿಯ ಹಳೆಯ ಪತ್ರಿಕೆಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟ್‌ನಲ್ಲಿ ಸಿಗುತ್ತವೆ. ಬಿಡಿಸುವ ಮುಂಚೆ ಪೆನ್ಸಿಲ್ ಹಿಡಿದು ಒಂದು ಸುತ್ತು ಸೋಸಿ. ಪರಿಷ್ಕರಣೆಯಾದ ಮೇಲೆ ಎನ್‌ಸಿಇಆರ್‌ಟಿಯ 12ನೇ ತರಗತಿ ಪುಸ್ತಕದಲ್ಲಿ ಉಳಿದಿರುವುದು 10 ಅಧ್ಯಾಯ. ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಪಾಲಿಮರ್‌ಗಳೆಲ್ಲ ಹೋಗಿವೆ. ಹಳೆಯ ಪತ್ರಿಕೆಗಳಲ್ಲಿ ಇವು ಧಾರಾಳವಾಗಿವೆ. 2024ರ ಸಿಇಟಿಯಲ್ಲೇ ಸಿಲಬಸ್‌ನಲ್ಲಿ ಇಲ್ಲದ ಪ್ರಶ್ನೆಗಳು ಬಂದು ದೊಡ್ಡ ಗಲಾಟೆಯಾಯಿತು. ಕೊನೆಗೆ ಅವನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಹಾಗಾಗಿ ಆ ವರ್ಷದ ಪತ್ರಿಕೆಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಗುಂಪಿನಲ್ಲಿ ನೀಟ್ ಬರೆಯುವವರಿದ್ದರೆ ಅದರ ಸಿಲಬಸ್ ಬೇರೆಯೇ ಇಟ್ಟುಕೊಳ್ಳಿ. ಎರಡೂ ಪೂರ್ತಿ ಒಂದೇ ಅಲ್ಲ.

ಮೊದಲು ಬಾಯಿಗೆ ಬೀಗ

ಸಿಇಟಿ ಕೆಮಿಸ್ಟ್ರಿಗೆ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದಕ್ಕೆ 1 ನಿಮಿಷ 20 ಸೆಕೆಂಡು. ಒಂದು ಸಲಕ್ಕೆ 15 ಪ್ರಶ್ನೆ ಆರಿಸಿಕೊಂಡು 20 ನಿಮಿಷಕ್ಕೆ ಅಲಾರಂ ಇಡಿ. ಆ 20 ನಿಮಿಷ ಯಾರೂ ಮಾತಾಡುವಂತಿಲ್ಲ. ‘ಏಯ್, 7ನೇದು ಏನು ಬಂತೋ?’ ಅನ್ನುವಂತಿಲ್ಲ. ಕ್ಯಾಲ್ಕುಲೇಟರ್ ಮುಟ್ಟುವಂತಿಲ್ಲ, ಪರೀಕ್ಷೆಯಲ್ಲೂ ಅದು ಇರುವುದಿಲ್ಲ.

ಪ್ರತಿ ಉತ್ತರದ ಪಕ್ಕ ಒಂದು ಗುರುತು ಹಾಕಿ. ಖಾತ್ರಿ ಇದ್ದರೆ ಟಿಕ್. ಎರಡರ ಮಧ್ಯೆ ಒದ್ದಾಡಿದ್ದರೆ ಪ್ರಶ್ನಾರ್ಥಕ. ಇಂಕಿ ಪಿಂಕಿ ಪಾಂಕಿ ಹಾಕಿದ್ದರೆ ಸೊನ್ನೆ. ಈ ಗುರುತನ್ನು ಸುಳ್ಳಾಡದೆ ಹಾಕಬೇಕು. ಯಾಕೆಂದರೆ ಊಹೆ ಹೊಡೆದು ಸರಿಯಾದ ಉತ್ತರ ಇದೆಯಲ್ಲ, ಅದು ತಪ್ಪು ಉತ್ತರಕ್ಕಿಂತ ಅಪಾಯ. ‘ನನಗೆ ಬರುತ್ತೆ’ ಅಂದುಕೊಂಡು ಅದರ ಕಡೆ ಮತ್ತೆ ತಿರುಗಿ ನೋಡುವುದೇ ಇಲ್ಲ.

ಈಗ ಬಾಯಿ ಬಿಡಿ, ಕೀ ಆನ್ಸರ್ ಮಾತ್ರ ತೆಗೆಯಬೇಡಿ

ಎಲ್ಲರ ಉತ್ತರವನ್ನೂ ಒಂದು ಹಾಳೆಯಲ್ಲಿ ಸಾಲಾಗಿ ಬರೆಯಿರಿ. ಎಲ್ಲರದ್ದೂ ಒಂದೇ ಬಂದು, ಎಲ್ಲರೂ ಟಿಕ್ ಹಾಕಿದ್ದರೆ ಸದ್ಯಕ್ಕೆ ಬಿಟ್ಟುಬಿಡಿ. ಬೇರೆ ಬೇರೆ ಬಂದಿರುವುದನ್ನು ಮಾತ್ರ ಎತ್ತಿಕೊಳ್ಳಿ. ಇಲ್ಲಿಂದ ನಿಯಮ ಒಂದೇ: ‘ಉತ್ತರ ಇದು’ ಅಂದರೆ ಸಾಲದು, ಉಳಿದ ಮೂರು ಯಾಕಲ್ಲ ಅಂತ ಹೇಳಬೇಕು.

ಈ ಪ್ರಶ್ನೆ ನೋಡಿ. ಒಂದು ಫಸ್ಟ್ ಆರ್ಡರ್ ರಿಯಾಕ್ಷನ್ (ಪದಾರ್ಥ ಕಡಿಮೆಯಾದಂತೆ ವೇಗವೂ ಇಳಿಯುವಂಥದ್ದು) 60 ನಿಮಿಷದಲ್ಲಿ 75 ಶೇಕಡಾ ಮುಗಿಯುತ್ತದೆ. ಅದರ ಹಾಫ್ ಲೈಫ್ (ಅರ್ಧ ಮುಗಿಯಲು ಬೇಕಾದ ಸಮಯ) ಎಷ್ಟು? ಎ) 15 ನಿಮಿಷ, ಬಿ) 30 ನಿಮಿಷ, ಸಿ) 40 ನಿಮಿಷ, ಡಿ) 45 ನಿಮಿಷ.

ಲಾಗ್ ಹಾಕಿ ಸೂತ್ರ ಬಿಡಿಸುವವನು ಎರಡು ನಿಮಿಷ ತಿನ್ನುತ್ತಾನೆ. ಪಕ್ಕದವಳು ಹೇಳುತ್ತಾಳೆ: ‘ಲೋ, ನೂರು ಮೊದಲು ಐವತ್ತಾಗುತ್ತೆ, ಆಮೇಲೆ ಇಪ್ಪತ್ತೈದಾಗುತ್ತೆ. 75 ಹೋಯ್ತು ಅಂದ್ರೆ ಎರಡು ಹಾಫ್ ಲೈಫ್ ಆಯ್ತು ಕಣೋ. 60ರಲ್ಲಿ ಅರ್ಧ 30.’ ಉತ್ತರ ಸರಿ. ಆದರೆ ಕೆಲಸ ಇನ್ನೂ ಅರ್ಧ ಬಾಕಿ. 45 ಎಲ್ಲಿಂದ ಬಂತು? 60ರ 75 ಶೇಕಡಾ ತೆಗೆದವರಿಗೆ ಬರುತ್ತದೆ. 15? ಕಾಲು ಭಾಗ ಉಳಿಯಿತು ಅಂತ 60ನ್ನು ನಾಲ್ಕರಿಂದ ಭಾಗಿಸಿದವರಿಗೆ. 40 ಇದೆಯಲ್ಲ, ಅದು ಭಾರಿ ಚಾಲಾಕಿ. ರಿಯಾಕ್ಷನ್ ಒಂದೇ ವೇಗದಲ್ಲಿ ನಡೆಯುತ್ತದೆ ಅಂದುಕೊಂಡರೆ 75ಕ್ಕೆ 60 ನಿಮಿಷ, 50ಕ್ಕೆ 40 ನಿಮಿಷ. ಅದು ಝೀರೋ ಆರ್ಡರ್‌ನ ಉತ್ತರ! ಪ್ರಶ್ನೆಯಲ್ಲಿರುವ ‘ಫಸ್ಟ್’ ಎಂಬ ಪದ ಓದದೆ ಹೋದವರು ಬೀಳುವ ಗುಂಡಿ.

ನೋಡಿದಿರಾ, ಒಂದೇ ಪ್ರಶ್ನೆಯಲ್ಲಿ ಫಸ್ಟ್ ಆರ್ಡರ್, ಝೀರೋ ಆರ್ಡರ್ ಎರಡೂ ಓದಿ ಆಯಿತು. ತಪ್ಪು ಆಯ್ಕೆಗಳನ್ನು ಸುಮ್ನೆ ತುಂಬಿಸಿರುವುದಿಲ್ಲ. ಮಕ್ಕಳು ಎಲ್ಲಿ ಜಾರುತ್ತಾರೆ ಅಂತ ಪ್ರಶ್ನೆ ತೆಗೆಯುವ ಮೇಷ್ಟ್ರುಗಳಿಗೆ ಚೆನ್ನಾಗಿ ಗೊತ್ತು. ಹೀಗೆ ಹಿಂಬದಿಯಿಂದ ಬಿಡಿಸಿದರೆ ನಿಮಗೂ ಗೊತ್ತಾಗುತ್ತದೆ.

ವೋಟಿಂಗ್ ಬೇಡ

ಮೂವರು ‘ಎ’ ಅಂದರು, ಒಬ್ಬಳು ‘ಬಿ’ ಅಂದಳು. ಹೆಚ್ಚಿನ ಗುಂಪುಗಳಲ್ಲಿ ಅಲ್ಲಿಗೆ ಮುಗಿಯಿತು. ಹಾಗೆ ಮಾಡಬೇಡಿ. ಒಂಟಿಯಾಗಿರುವವರಿಗೇ ಮೊದಲು ಮಾತಾಡಲು ಬಿಡಿ.

10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು ಅಂತ ಕೇಳಿದರೆ ಇದೇ ಆಗುತ್ತದೆ. ಘಾತದಲ್ಲಿರುವ 8 ನೋಡಿ ಮೂವರೂ ಪಿಎಚ್ 8 ಅನ್ನುತ್ತಾರೆ. ಅಲ್ಲೇ ತಡೆಯಿರಿ. ಪಿಎಚ್ 7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಜಾಸ್ತಿ ಇದ್ದರೆ ಕ್ಷಾರ. 8 ಅಂದರೆ ಕ್ಷಾರ. ಆಮ್ಲಕ್ಕೆ ಎಷ್ಟು ನೀರು ಬೆರೆಸಿದರೂ ಅದು ಕ್ಷಾರ ಆಗುತ್ತದಾ? ಆಗಲ್ಲ ಅಲ್ವಾ. ಇಷ್ಟು ತೆಳುವಾದಾಗ ನೀರಿನದ್ದೇ ಹೈಡ್ರೋಜನ್ ಅಯಾನುಗಳನ್ನು ಬಿಟ್ಟು ಲೆಕ್ಕ ಮಾಡುವಂತಿಲ್ಲ. ಶುದ್ಧ ನೀರಿನಲ್ಲೇ ಅವು 10⁻⁷ ಇವೆ, ಆಮ್ಲದ್ದಕ್ಕಿಂತ ಹತ್ತು ಪಟ್ಟು. ಎರಡನ್ನೂ ಸೇರಿಸಿ ಲೆಕ್ಕ ಮಾಡಿದರೆ ಪಿಎಚ್ ಸುಮಾರು 6.98. ಏಳಕ್ಕಿಂತ ಒಂಚೂರು ಕಡಿಮೆ. ಪರೀಕ್ಷೆಯಲ್ಲಿ ಇಷ್ಟೆಲ್ಲ ಲೆಕ್ಕ ಬೇಕಾಗಿಲ್ಲ. ಆಮ್ಲ ಅಂದಮೇಲೆ 7 ದಾಟುವಂತಿಲ್ಲ, ಇಷ್ಟು ತೆಳು ಇರುವಾಗ 6ಕ್ಕೂ ಇಳಿಯುವಂತಿಲ್ಲ ಅಂತ ಗೊತ್ತಿದ್ದರೆ ಸಾಕು, ಉತ್ತರ ತಾನಾಗಿ ಸಿಗುತ್ತದೆ.

ಏರಿಕೆ ಕ್ರಮ, ಇಳಿಕೆ ಕ್ರಮದ ಪ್ರಶ್ನೆಗಳಿಗೆ ಇನ್ನೊಂದು ಉಪಾಯ. ಎಥನಾಲ್, ನೀರು, ಫೀನಾಲ್, ಅಸಿಟಿಕ್ ಆಮ್ಲ, ಇವನ್ನು ಆಮ್ಲತೆ ಏರುವ ಕ್ರಮದಲ್ಲಿ ಜೋಡಿಸಿ ಅಂತಿದ್ದರೆ ನಡುವಿನದಕ್ಕೆ ಕೈ ಹಾಕಬೇಡಿ. ಎರಡು ತುದಿ ಹಿಡಿಯಿರಿ. ಎಲ್ಲಕ್ಕಿಂತ ದುರ್ಬಲ ಎಥನಾಲ್, ಎಲ್ಲಕ್ಕಿಂತ ಪ್ರಬಲ ಅಸಿಟಿಕ್ ಆಮ್ಲ. ಸಾಮಾನ್ಯವಾಗಿ ಇಷ್ಟಕ್ಕೇ ಎರಡು ಮೂರು ಆಪ್ಷನ್ ಉದುರಿಹೋಗುತ್ತವೆ. ಆಮೇಲೆ ನೀರಾ ಫೀನಾಲಾ ಅಂತ ಮಾತ್ರ ಜಗಳ. ಫೀನಾಲ್ ಪ್ರೋಟಾನ್ ಬಿಟ್ಟುಕೊಟ್ಟ ಮೇಲೆ ಉಳಿಯುವ ಋಣ ಚಾರ್ಜನ್ನು ಬೆಂಝೀನ್ ರಿಂಗ್ ಹಂಚಿಕೊಳ್ಳುತ್ತದೆ, ಹಾಗಾಗಿ ಅದು ನೀರಿಗಿಂತ ಪ್ರಬಲ. ಕಾರಣವನ್ನು ಕನ್ನಡದಲ್ಲೇ ಹೇಳಿ, ಇಂಗ್ಲಿಷಲ್ಲೇ ಹೇಳಬೇಕು ಅಂತೇನಿಲ್ಲ. ಎದುರಿಗಿರುವವರಿಗೆ ಅರ್ಥವಾಗಬೇಕು, ಅಷ್ಟೇ.

ಕೀ ಆನ್ಸರ್ ಜೊತೆ ಜಗಳ

ವಾದ ಎಲ್ಲ ಮುಗಿದ ಮೇಲೆ ಕೀ ತೆಗೆಯಿರಿ. ನಿಮ್ಮೆಲ್ಲರ ತರ್ಕ ಒಂದು ಕಡೆ, ಗೈಡ್‌ನ ಕೀ ಇನ್ನೊಂದು ಕಡೆ ಇದ್ದರೆ ತಕ್ಷಣ ಸೋಲು ಒಪ್ಪಬೇಡಿ. ಗೈಡ್‌ಗಳಲ್ಲಿ ಅಚ್ಚಿನ ತಪ್ಪು ಬೇಕಾದಷ್ಟಿವೆ. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಆ ಸಾಲು ಹುಡುಕಿ. ಪರೀಕ್ಷಾ ಪ್ರಾಧಿಕಾರವೇ ಮೊದಲು ತಾತ್ಕಾಲಿಕ ಕೀ ಹಾಕಿ, ಆಕ್ಷೇಪಣೆ ಕೇಳಿ, ಆಮೇಲೆ ಅಂತಿಮ ಕೀ ಕೊಡುತ್ತದೆ. ಹಳೆಯ ಪತ್ರಿಕೆಗೆ ಈ ಅಂತಿಮ ಕೀಯನ್ನೇ ಇಟ್ಟುಕೊಳ್ಳಿ. ಅದೂ ತಲೆಗೆ ಹೋಗದಿದ್ದರೆ ಪ್ರಶ್ನೆ ಬರೆದುಕೊಂಡು ಕಾಲೇಜಿನ ಮೇಷ್ಟ್ರ ಹತ್ತಿರ ಹೋಗಿ. ಲೆಕ್ಕ ಮಾಡಿಕೊಂಡು ಹೋದ ಹುಡುಗರನ್ನು ಮೇಷ್ಟ್ರು ವಾಪಸ್ ಕಳಿಸುವುದು ಕಡಿಮೆ.

ನೀವೇ ಆಪ್ಷನ್ ಬರೆಯಿರಿ

ವಾರಕ್ಕೊಮ್ಮೆ ಈ ಆಟ ಆಡಿ. ಒಬ್ಬರು ಪ್ರಶ್ನೆ ಮತ್ತು ಸರಿ ಉತ್ತರ ಕೊಡಬೇಕು, ಉಳಿದವರು ಮೋಸದ ಮೂರು ಆಪ್ಷನ್ ಬರೆಯಬೇಕು. ಉದಾಹರಣೆಗೆ, ಕಾಪರ್ ಸಲ್ಫೇಟ್ ದ್ರಾವಣದಲ್ಲಿ 1 ಫ್ಯಾರಡೆ (ಅಂದರೆ ಒಂದು ಮೋಲ್ ಎಲೆಕ್ಟ್ರಾನ್‌ನಷ್ಟು) ವಿದ್ಯುತ್ ಹರಿಸಿದರೆ ಎಷ್ಟು ತಾಮ್ರ ಕೂರುತ್ತದೆ? ಒಂದು ಮೋಲ್ ತಾಮ್ರ 63.5 ಗ್ರಾಂ, ಸರಿ ಉತ್ತರ ಅದರ ಅರ್ಧ, 31.75 ಗ್ರಾಂ. ಒಂದು ತಾಮ್ರದ ಅಯಾನಿಗೆ ಎರಡು ಎಲೆಕ್ಟ್ರಾನ್ ಬೇಕು ಅನ್ನುವುದು ಮರೆತವರಿಗೆ 63.5 ಬರುತ್ತದೆ. ಎರಡರಿಂದ ಭಾಗಿಸುವ ಬದಲು ಗುಣಿಸಿದವರಿಗೆ 127. ಮೂರನೆಯ ಮೋಸಕ್ಕೆ ತಲೆ ಕೆರೆದುಕೊಳ್ಳಬೇಕು, ಮಜಾ ಇರುವುದು ಅಲ್ಲೇ.

ವಾಟ್ಸ್‌ಆ್ಯಪ್‌ನಲ್ಲಿ ಡೌಟ್ ಕೇಳುವಾಗ

ಬರೀ ಪ್ರಶ್ನೆಯ ಫೋಟೊ ಹಾಕಿ ‘ಪ್ಲೀಸ್ ಸಾಲ್ವ್’ ಅನ್ನಬೇಡಿ. ಎಲ್ಲಿವರೆಗೆ ಬಂದಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅನ್ನುವ ಹಾಳೆಯ ಫೋಟೊನೂ ಜೊತೆಗಿರಲಿ. ಉತ್ತರ ಕೊಡುವವರು ಮೊದಲು ಬರೀ ಸುಳಿವು ಕೊಡಿ: ‘ಆರ್ಡರ್ ಯಾವುದು ಅಂತ ಮತ್ತೆ ಓದು’, ‘ಎಲೆಕ್ಟ್ರಾನ್ ಎಣಿಸಿದ್ಯಾ?’ ಅರ್ಧ ಗಂಟೆ ಆದರೂ ಬರದಿದ್ದರೆ ಆಗ ಪೂರ್ತಿ ಬಿಡಿಸಿ ಕಳಿಸಿ. ತಪ್ಪು ಮಾಡಿದವರು ಮಾರನೇ ದಿನ ಅದೇ ಪ್ರಶ್ನೆಯನ್ನು ಗುಂಪಿಗೆ ವಿವರಿಸಬೇಕು. ಇಬ್ಬರಿಗಿಂತ ಜಾಸ್ತಿ ಜನ ತಪ್ಪಿದ ಪ್ರಶ್ನೆಗಳು ಮಾತ್ರ ಒಂದು ನೋಟ್‌ಬುಕ್‌ಗೆ ಹೋಗಲಿ. ಪರೀಕ್ಷೆಯ ಹಿಂದಿನ ವಾರ ಹೊಸ ಗೈಡ್ ತರಬೇಡಿ, ಆ ನೋಟ್‌ಬುಕ್ ಸಾಕು.

ಅಂಕ ಹಾಕಿಕೊಳ್ಳುವ ಲೆಕ್ಕ

ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಸರಿ ಉತ್ತರಕ್ಕೆ 4 ಕೊಡುತ್ತಾರೆ, ತಪ್ಪಿಗೆ 1 ಕಳೆಯುತ್ತಾರೆ. ಅಲ್ಲೂ ಎರಡು ಆಪ್ಷನ್ ಖಾತ್ರಿಯಾಗಿ ಹೊಡೆದುಹಾಕಿದ್ದರೆ ಉಳಿದೆರಡರಲ್ಲಿ ಒಂದನ್ನು ಆರಿಸುವುದು ಲಾಭವೇ. ಅಂಥ ಎರಡು ಪ್ರಶ್ನೆಯಲ್ಲಿ ಒಂದು ಸರಿ, ಒಂದು ತಪ್ಪಾದರೂ 3 ಅಂಕ ಕೈಗೆ ಬರುತ್ತದೆ. ಗುಂಪಿನಲ್ಲಿ ಅಂಕ ಹಾಕುವಾಗ ಯಾವ ಪರೀಕ್ಷೆಯೋ ಅದರ ನಿಯಮವನ್ನೇ ಹಾಕಿ.

ಟಿಕ್ ಹಾಕಿ ಅಭ್ಯಾಸ ಮಾಡಿದವರಿಗೆ ಒಎಂಆರ್ ಹಾಳೆ (ಉತ್ತರದ ವೃತ್ತ ತುಂಬುವ ಹಾಳೆ) ಕಾಟ ಕೊಡುತ್ತದೆ. ನಾಲ್ಕೈದು ಹಾಳೆ ಪ್ರಿಂಟ್ ತೆಗೆಸಿಕೊಂಡು, ಬಾಲ್ ಪಾಯಿಂಟ್ ಪೆನ್ನಿನಲ್ಲೇ ಶೇಡ್ ಮಾಡಿ. ಆಮೇಲೆ ಹಾಳೆ ಅದಲು ಬದಲು ಮಾಡಿಕೊಂಡು ಒಂದೇ ಒಂದು ವಿಷಯ ನೋಡಿ: 23ನೇ ಪ್ರಶ್ನೆ ಬಿಟ್ಟು ಮುಂದೆ ಹೋದವರು 24ರ ಉತ್ತರವನ್ನು 23ರ ಸಾಲಿನಲ್ಲಿ ಶೇಡ್ ಮಾಡಿದ್ದಾರಾ ಅಂತ.