ಫೈಟರ್ ಜೋಡಿ ಬಿಡುವ ಮುಂಚೆ ನಾನು ಮಾಡುವ ತಯಾರಿ

ಮನೆಯಲ್ಲಿ ಬೆಟ್ಟಾ, ಅಂದರೆ ಫೈಟರ್ ಮೀನಿನ ಮರಿ ಮಾಡಿಸಬೇಕು ಅಂತ ಆಸೆಪಡುವವರು ಮೊದಲು ಕೇಳುವುದು ಒಂದೇ, ಗಂಡು ಹೆಣ್ಣನ್ನು ಒಟ್ಟಿಗೆ ಬಿಡುವುದು ಯಾವಾಗ? ನನ್ನ ಮಟ್ಟಿಗೆ ಅದು ಕೊನೆಯ ಕೆಲಸ. ಅದಕ್ಕಿಂತ ಮುಂಚಿನ ಎರಡು ಮೂರು ವಾರ ಆ ಎರಡು ಮೀನಿಗೆ ಏನು ತಿನ್ನಿಸಿದ್ದೀರಿ, ಹೇಗೆ ಇಟ್ಟಿದ್ದೀರಿ ಅನ್ನುವುದರ ಮೇಲೇ ಎಲ್ಲ ನಿಂತಿದೆ. ನಾನು ಇರುವುದು ಬೆಂಗಳೂರಿನಲ್ಲಿ, ಇಡುವುದು ಮನೆಯ ಒಂದು ಶೆಲ್ಫಿನಲ್ಲಿ. ಹಾಗಾಗಿ ಇಲ್ಲಿನ ನೀರು, ಇಲ್ಲಿನ ಚಳಿ ಲೆಕ್ಕಕ್ಕೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಮೊದಲು ಜೋಡಿ ಆರಿಸುವುದು. ಬಣ್ಣ ನೋಡಿ ಮರುಳಾಗುವುದು ಸುಲಭ, ಆದರೆ ನಾನು ನೋಡುವುದು ವಯಸ್ಸು ಮತ್ತು ಚುರುಕು. ಐದಾರು ತಿಂಗಳಿಂದ ಒಂದು ವರ್ಷದೊಳಗಿನ ಮೀನು ಒಳ್ಳೆಯದು. ಅಂಗಡಿಯ ಚಿಕ್ಕ ಡಬ್ಬಿಯಲ್ಲಿ ರೆಕ್ಕೆ ಇಳಿಬಿಟ್ಟುಕೊಂಡು ಕೂತಿರುವ ಉದ್ದ ರೆಕ್ಕೆಯ ಗಂಡಿಗೆ ಎಷ್ಟು ವಯಸ್ಸು ಅಂತ ಮಾರುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ, ಅದಕ್ಕೇ ಸಾಧ್ಯವಾದರೆ ಮನೆಯಲ್ಲೇ ಮರಿ ಮಾಡಿ ಮಾರುವವರ ಹತ್ತಿರ ತೆಗೆದುಕೊಳ್ಳಿ, ಅವರು ಹುಟ್ಟಿದ ತಿಂಗಳು ಹೇಳುತ್ತಾರೆ. ಮೊದಲ ಸಲ ಮಾಡುವವರಿಗೆ ಗಿಡ್ಡ ರೆಕ್ಕೆಯ ಪ್ಲಕಾಟ್ ಜೋಡಿಯೇ ಸರಿ. ಉದ್ದ ರೆಕ್ಕೆಯ ಗಂಡುಗಳಲ್ಲಿ ಕೆಲವಕ್ಕೆ ಹೆಣ್ಣನ್ನು ಸರಿಯಾಗಿ ಸುತ್ತಿಕೊಳ್ಳಲು ಕಷ್ಟವಾಗುತ್ತದೆ, ಬೇಗ ಸುಸ್ತೂ ಆಗುತ್ತದೆ. ಹೆಣ್ಣು ಗಂಡಿಗಿಂತ ಸ್ವಲ್ಪ ಚಿಕ್ಕದಿರಲಿ ಅಥವಾ ಸಮ ಇರಲಿ. ಎರಡೂ ಡಬಲ್ ಟೇಲ್ (ಬಾಲ ಎರಡಾಗಿ ಸೀಳಿದಂತೆ) ಇರುವ ಜೋಡಿ ನಾನು ಹಾಕುವುದಿಲ್ಲ, ಮರಿಗಳಲ್ಲಿ ಬೆನ್ನುಮೂಳೆ ಗಿಡ್ಡ ಅಥವಾ ಸೊಟ್ಟ ಆಗುವುದು ಜಾಸ್ತಿ.

ಹೆಣ್ಣು ಅಂತ ಕೊಟ್ಟದ್ದು ನಿಜವಾಗಿ ಹೆಣ್ಣೇನಾ ಅಂತಲೂ ನೋಡಬೇಕು, ಯಾಕೆಂದರೆ ಪ್ಲಕಾಟ್‌ನಲ್ಲಿ ಎಳೆ ಗಂಡು ಹೆಣ್ಣಿನ ಹಾಗೇ ಕಾಣುತ್ತದೆ. ಹೊಟ್ಟೆಯ ಕೆಳಗೆ, ಮುಂದಿನ ಎರಡು ಉದ್ದ ರೆಕ್ಕೆಗಳ ಹಿಂದೆ, ಉಪ್ಪಿನ ಕಾಳಿನಷ್ಟು ಬಿಳಿ ಚುಕ್ಕಿ ಇರುತ್ತದೆ, ಮೊಟ್ಟೆ ಬರುವ ಜಾಗ ಅದು. ಆದರೆ ಕೆಲವು ಎಳೆ ಗಂಡಿಗೂ ಅಂಥದ್ದೇ ಚುಕ್ಕಿ ಕಾಣುವುದುಂಟು. ತಿಳಿ ಬಣ್ಣದ ಮೀನಾದರೆ ಹಿಂದಿನಿಂದ ಟಾರ್ಚ್ ಹಿಡಿದು ನೋಡುತ್ತೇನೆ. ಹೊಟ್ಟೆಯ ಹಿಂದೆ ಬಾಲದ ಕಡೆಗೆ ಚೂಪಾಗುವ ಹಳದಿ ತ್ರಿಕೋನ ಕಂಡರೆ ಅದು ಮೊಟ್ಟೆ ಚೀಲ, ಅನುಮಾನವಿಲ್ಲ.

ಹೊಸ ಮೀನನ್ನು ಕನಿಷ್ಠ ಎರಡು ವಾರ ಬೇರೆ ಇಡುತ್ತೇನೆ. ಅದೇ ಟಾರ್ಚನ್ನು ಕತ್ತಲಲ್ಲಿ ಮೈಮೇಲೆ ಬಿಟ್ಟಾಗ ಚಿನ್ನದ ಪುಡಿ ಉದುರಿಸಿದ ಹಾಗೆ ಮಿನುಗಿದರೆ ಅದು ವೆಲ್ವೆಟ್ ರೋಗ. ಮರಿಗಳಿಗೆ ಇದು ಬಂದರೆ ಉಳಿಯುವುದು ಕಷ್ಟ, ಆದ್ದರಿಂದ ವಾಸಿಯಾಗುವವರೆಗೂ ಜೋಡಿಯ ಮಾತೇ ಇಲ್ಲ.

ಇನ್ನು ಊಟ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನನಗೆ ಇದೇ ಮುಖ್ಯ. ಬೆಟ್ಟಾ ಹುಳುಹುಪ್ಪಟೆ ತಿನ್ನುವ ಮೀನು. ಇದರ ಮೂಲ ಥಾಯ್ಲೆಂಡಿನ ಭತ್ತದ ಗದ್ದೆ, ಕಾಲುವೆ, ಜೌಗು ನೆಲದ ಕಡಿಮೆ ಆಳದ ಬೆಚ್ಚಗಿನ ನೀರು. ಅಂಥ ಕಡೆ ಮಳೆ ಬಿದ್ದು ನೀರು ತುಂಬಿತು ಅಂದರೆ ಸೊಳ್ಳೆ ಮರಿ, ನೀರಿನ ಸಣ್ಣ ಪುಟ್ಟ ಹುಳ ಎಲ್ಲ ಹೆಚ್ಚುತ್ತವೆ, ಹೊಟ್ಟೆ ತುಂಬಾ ಸಿಗುತ್ತದೆ. ಬರೀ ಪೆಲೆಟ್ ತಿನ್ನಿಸಿದರೆ ಮೀನು ಬದುಕುತ್ತದೆ, ಚೆನ್ನಾಗಿಯೂ ಕಾಣುತ್ತದೆ. ಆದರೆ ಜೀವಂತ ಆಹಾರ ಕೊಟ್ಟ ಹೆಣ್ಣಿನ ಹೊಟ್ಟೆ ತುಂಬಿಕೊಳ್ಳುವ ರೀತಿಯೇ ಬೇರೆ. ದಿನಕ್ಕೆ ಮೂರು ಸಲ, ಒಂದೊಂದು ಸಲವೂ ಒಂದೆರಡು ನಿಮಿಷದಲ್ಲಿ ಮುಗಿಸುವಷ್ಟು, ಅದೂ ಬದಲಾಯಿಸಿ ಬದಲಾಯಿಸಿ ಕೊಡುತ್ತೇನೆ. ಬೆಳಿಗ್ಗೆ ಸೊಳ್ಳೆ ಮರಿ, ಮಧ್ಯಾಹ್ನ ಮೊಯಿನಾ (ನೀರಿನ ಚಿಗಟ) ಅಥವಾ ಆರ್ಟೀಮಿಯಾ (ಉಪ್ಪು ನೀರಿನ ಪುಟ್ಟ ಸೀಗಡಿ), ರಾತ್ರಿ ಒಳ್ಳೆಯ ಪೆಲೆಟ್ ಅಥವಾ ಫ್ರೋಜನ್ ಬ್ಲಡ್‌ವರ್ಮ್. ವಾರಕ್ಕೆ ಒಂದು ದಿನ ಖಾಲಿ ಹೊಟ್ಟೆ. ಅಂಗಡಿಯಲ್ಲಿ ಗೊಂಚಲು ಗೊಂಚಲಾಗಿ ಸಿಗುವ ಜೀವಂತ ಟ್ಯೂಬಿಫೆಕ್ಸ್ ನಾನು ಮುಟ್ಟುವುದಿಲ್ಲ, ಅದು ಕೊಳಚೆ ನೀರಿನಲ್ಲಿ ಬೆಳೆಯುವ ಹುಳ, ರೋಗ ತರುತ್ತದೆ.

ಸೊಳ್ಳೆ ಮರಿ ಬಗ್ಗೆ ಒಂದು ಮಾತು. ಇದಕ್ಕಿಂತ ಒಳ್ಳೆಯ ಊಟ ಇಲ್ಲ, ಆದರೆ ತೆರೆದ ಬಕೆಟ್ಟಿನಲ್ಲಿ ಸೊಳ್ಳೆ ಸಾಕಬೇಡಿ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಇಟ್ಟಿದೆ. ದಂಡಕ್ಕಿಂತ ಮುಖ್ಯ, ಪಕ್ಕದ ಮನೆಯಲ್ಲಿ ಮಕ್ಕಳು ಇರುತ್ತಾರೆ ಅಲ್ವಾ. ನಾನು ಮಾಡುವುದು ಹೀಗೆ: ಒಣ ಎಲೆ ಹಾಕಿ ಒಂದು ಟಬ್ ಇಟ್ಟು ದಿನಾ ಬೆಳಿಗ್ಗೆ ನೋಡುತ್ತೇನೆ. ಕ್ಯೂಲೆಕ್ಸ್ ಸೊಳ್ಳೆ ನೀರಿನ ಮೇಲೆ ಕಪ್ಪಗೆ, ಅಕ್ಕಿ ಕಾಳಿಗಿಂತ ಚಿಕ್ಕದಾದ ತೆಪ್ಪದಂಥ ಮೊಟ್ಟೆ ಗುಂಪು ಇಡುತ್ತದೆ. ಅದನ್ನು ಚಮಚದಲ್ಲಿ ಎತ್ತಿ ಜಾಡಿಗೆ ಹಾಕಿ, ಬಾಯಿಗೆ ಸೊಳ್ಳೆ ಪರದೆ ಬಟ್ಟೆ ಬಿಗಿಯಾಗಿ ಕಟ್ಟುತ್ತೇನೆ. ಮರಿ ಬೆಳೆದ ಹಾಗೆ ಬಸಿದು, ತೊಳೆದು ಮೀನಿಗೆ ಹಾಕುತ್ತೇನೆ. ಟಬ್ಬಿನ ನೀರನ್ನು ಎರಡು ಮೂರು ದಿನಕ್ಕೊಮ್ಮೆ ನೆಲದ ಮೇಲೆ ಚೆಲ್ಲಿ ಒಳಗೋಡೆಯನ್ನು ಬ್ರಷ್‌ನಿಂದ ಗಟ್ಟಿಯಾಗಿ ಉಜ್ಜುತ್ತೇನೆ, ಯಾಕೆಂದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಅಂಟಿಸುವುದು ಪಾತ್ರೆಯ ಗೋಡೆಗೆ, ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಸಾಯುವುದಿಲ್ಲ. ಇಷ್ಟು ನಿಗಾ ಇಡಲು ಆಗದಿದ್ದರೆ ಸೊಳ್ಳೆ ಮರಿ ಬಿಟ್ಟುಬಿಡಿ, ಮೊಯಿನಾ ಸಾಕು.

ಜೋಡಿಯ ಊಟದ ಜೊತೆಗೇ ಮರಿಗಳ ಊಟ ಶುರುವಾಗಬೇಕು. ಮೊಟ್ಟೆ ಇಟ್ಟ ಮೇಲೆ ಮರಿಗೆ ಏನು ಹಾಕಲಿ ಅಂತ ಅಂಗಡಿಗೆ ಓಡಿದರೆ ತಡವಾಯಿತು. ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ, ಆಮೇಲೆ ಎರಡು ಮೂರು ದಿನಕ್ಕೆ ಮರಿ ಅಡ್ಡಕ್ಕೆ ಈಜಲು ಶುರುಮಾಡುತ್ತದೆ, ಆಗ ಅದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳೇ ಬೇಕು. ನಾನು ಹಳೆಯ ಟ್ಯಾಂಕಿನ ನೀರಿಗೆ ಒಂದು ಚೂರು ಕೋಸಿನ ಎಲೆ ಹಾಕಿ ಕಿಟಕಿ ಹತ್ತಿರ ಇಡುತ್ತೇನೆ. ಮೊದಲು ಕದಡಿ ವಾಸನೆ ಬರುತ್ತದೆ, ಕೆಲವು ದಿನಕ್ಕೆ ತಿಳಿಯಾಗುತ್ತದೆ. ಆಗ ಬೆಳಕಿಗೆ ಹಿಡಿದರೆ ಧೂಳು ಓಡಾಡಿದಂತೆ ಇನ್ಫ್ಯೂಸೋರಿಯಾ ಕಾಣುತ್ತದೆ. ಇದರ ಜೊತೆ ಓಟ್ಸ್ ಗಂಜಿಗೆ ಚಿಟಿಕೆ ಯೀಸ್ಟ್ ಹಾಕಿ ಮೈಕ್ರೋವರ್ಮ್ ಅನ್ನುವ ಸಣ್ಣ ಹುಳ ಸಾಕುವ ಡಬ್ಬಿಯೂ ಒಂದು ಇರುತ್ತದೆ. ಆರ್ಟೀಮಿಯಾ ಮೊಟ್ಟೆಯನ್ನೂ ಮುಂಚೆಯೇ ಸ್ವಲ್ಪ ಒಡೆಸಿ ನೋಡುತ್ತೇನೆ: ಒಂದು ಲೀಟರ್ ನೀರಿಗೆ 25 ರಿಂದ 30 ಗ್ರಾಂ ಕಲ್ಲುಪ್ಪು, ಗಾಳಿ ಬಿಡುವ ಪಂಪು, 28 ಡಿಗ್ರಿ ಆಸುಪಾಸಿನ ಬಿಸಿ ಇದ್ದರೆ ಒಂದು ದಿನದಲ್ಲಿ ಕಿತ್ತಳೆ ಬಣ್ಣದ ಮರಿ ಬರಬೇಕು. ಬರದಿದ್ದರೆ ಆ ಪ್ಯಾಕೆಟ್ ಹಳೆಯದು, ಇನ್ನೂ ಸಮಯ ಇರುವಾಗಲೇ ಬೇರೆ ತರಬಹುದು. ಈ ಮೂರೂ ತಯಾರಾಗುವವರೆಗೆ ಹೆಣ್ಣು ಎಷ್ಟೇ ತುಂಬಿಕೊಂಡಿರಲಿ, ನಾನು ಜೋಡಿ ಬಿಡುವುದಿಲ್ಲ.

ಈ ದಿನಗಳಲ್ಲಿ ಎರಡೂ ಮೀನು ಬೇರೆ ಬೇರೆ ಇರಬೇಕು, ಒಂದಕ್ಕೊಂದು ಕಾಣಲೂಬಾರದು. ಮಧ್ಯೆ ಒಂದು ರಟ್ಟು ಇಟ್ಟಿರುತ್ತೇನೆ. ದಿನಕ್ಕೊಮ್ಮೆ ಐದು ನಿಮಿಷ ರಟ್ಟು ತೆಗೆಯುತ್ತೇನೆ, ಗಂಡು ಕಿವಿರು ಬಿಚ್ಚಿ ರೆಕ್ಕೆ ಅಗಲಿಸಿ ಮೆರೆದಾಡುತ್ತದೆ, ಸಾಕು, ಮತ್ತೆ ಮುಚ್ಚುತ್ತೇನೆ. ಇಡೀ ದಿನ ಕಾಣುವ ಹಾಗೆ ಇಟ್ಟರೆ ಒಂದೋ ಸುಮ್ನೆ ದಣಿಯುತ್ತವೆ, ಇಲ್ಲವೇ ಒಂದನ್ನೊಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಜಾಸ್ತಿ ತಿನ್ನಿಸುವುದರಿಂದ ನೀರು ಬೇಗ ಕೆಡುತ್ತದೆ, ದಿನ ಬಿಟ್ಟು ದಿನ ಕಾಲು ಭಾಗ ಬದಲಾಯಿಸಬೇಕು. ಕಾವೇರಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಿಯೇ ಬಿಡಿ. ಬೋರ್‌ವೆಲ್ ನೀರು ತುಂಬಾ ಗಡಸಾಗಿದ್ದರೆ ಅರ್ಧ ಆರ್‌ಒ ನೀರು ಬೆರೆಸುತ್ತೇನೆ. ಬರೀ ಆರ್‌ಒ ನೀರು ಬೇಡ, ಅದರಲ್ಲಿ ಲವಣಾಂಶ ತೀರಾ ಕಡಿಮೆ.

ಮರಿ ಮಾಡಿಸುವ ಟ್ಯಾಂಕು ಇಷ್ಟರಲ್ಲಿ ಪಕ್ಕದಲ್ಲಿ ತಯಾರಾಗುತ್ತಿರುತ್ತದೆ. 30 ಲೀಟರಿನ ಪ್ಲಾಸ್ಟಿಕ್ ಬಾಕ್ಸ್ ಸಾಕು. ನೀರು 12 ರಿಂದ 15 ಸೆಂಟಿಮೀಟರ್ ಅಷ್ಟೇ, ಕೆಳಗೆ ಬಿದ್ದ ಮೊಟ್ಟೆ, ಮರಿಯನ್ನು ಗಂಡು ಬಾಯಲ್ಲಿ ಹೆಕ್ಕಿ ಮೇಲಿನ ಗೂಡಿಗೆ ಒಯ್ಯಬೇಕು, ಆಳ ಜಾಸ್ತಿ ಆದರೆ ಸೋಲುತ್ತದೆ. ಅದೇ ಕಾರಣಕ್ಕೆ ತಳಕ್ಕೆ ಮರಳು, ಕಲ್ಲು ಹಾಕುವುದಿಲ್ಲ. ಒಂದು ಕಡೆ ಜಾವಾ ಮಾಸ್ ಮತ್ತು ಗಿಡಗಳನ್ನು ಒತ್ತಾಗಿ ತುಂಬುತ್ತೇನೆ, ಹೆಣ್ಣು ಅಡಗಲು. ಇನ್ನೊಂದು ಕಡೆ ಉದ್ದಕ್ಕೆ ಸೀಳಿದ ಥರ್ಮಾಕೋಲ್ ಲೋಟದ ಅರ್ಧ ಭಾಗವನ್ನು ನೀರಿನ ಮೇಲೆ ಟೇಪಿನಿಂದ ಅಂಟಿಸುತ್ತೇನೆ, ಗಂಡು ಗುಳ್ಳೆ ಗೂಡು ಕಟ್ಟುವುದು ಅದರ ಅಡಿಯಲ್ಲಿ. ನೀರು ಅಲುಗಿದರೆ ಗೂಡು ಒಡೆಯುತ್ತದೆ, ಹಾಗಾಗಿ ಫಿಲ್ಟರ್ ಆಫ್.

ಬಾಕ್ಸಿನ ನೀರಿಗೆ ಹಾಕುವ ಬಾದಾಮಿ ಎಲೆಗೆ ದುಡ್ಡು ಕೊಡಬೇಡಿ. ಆನ್‌ಲೈನಿನಲ್ಲಿ ಪ್ಯಾಕೆಟ್ ಮಾಡಿ ಮಾರುವುದು ನಮ್ಮ ಬೀದಿ ಬದಿಯಲ್ಲಿ, ಶಾಲೆ ಮೈದಾನದಲ್ಲಿ ಇರುವ ಅದೇ ಕಾಡು ಬಾದಾಮಿ ಮರದ ಎಲೆ. ತಾನಾಗಿ ಕೆಂಪಾಗಿ ಉದುರಿದ್ದನ್ನು ಆರಿಸಿ, ತೊಳೆದು, ಗರಿಗರಿಯಾಗಿ ಒಣಗಿಸಿ ಇಟ್ಟುಕೊಳ್ಳುತ್ತೇನೆ. ವಾಹನ ಜಾಸ್ತಿ ಓಡುವ ರಸ್ತೆಯ ಮರ, ಔಷಧಿ ಹೊಡೆದ ಮರ ಬೇಡ. ಬಾಕ್ಸಿಗೆ ಒಂದೆರಡು ಎಲೆ ಹಾಕಿದರೆ ನೀರು ತಿಳಿ ಚಹಾ ಬಣ್ಣಕ್ಕೆ ಬರುತ್ತದೆ, ಮೊಟ್ಟೆಗೆ ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ, ಎಲೆ ಮೆತ್ತಗಾದ ಮೇಲೆ ಅದರ ಸುತ್ತ ಮರಿ ತಿನ್ನುವ ಸೂಕ್ಷ್ಮ ಜೀವಿಗಳೂ ಬೆಳೆಯುತ್ತವೆ.

ಬಿಸಿ 27-28 ಡಿಗ್ರಿ. ಡಿಸೆಂಬರ್ ಜನವರಿಯಲ್ಲಿ ಬೆಂಗಳೂರಿನ ರಾತ್ರಿ 15-16 ಡಿಗ್ರಿಗೆ ಇಳಿಯುವಾಗ ಹೀಟರ್ ಇಲ್ಲದೆ ಆಗುವುದಿಲ್ಲ. ನೀರು ಕಡಿಮೆ ಇರುವುದರಿಂದ ಪೂರ್ತಿ ಮುಳುಗುವ ಮಾದರಿ ತಂದು ಅಡ್ಡಕ್ಕೆ ಮಲಗಿಸಿ. ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮೂಲೆಯಲ್ಲಿ ಸ್ವಲ್ಪ ತೆರೆದಿರಲಿ. ಬೆಟ್ಟಾ ಮೇಲೆ ಬಂದು ಗಾಳಿ ಕುಡಿಯುವ ಮೀನು, ಒಳಗಿನ ಗಾಳಿ ಬೆಚ್ಚಗೆ ತೇವವಾಗಿರುವುದು ಗೂಡಿಗೂ ಒಳ್ಳೆಯದು, ಮುಂದೆ ಮರಿಗಳಿಗಂತೂ ಬೇಕೇ ಬೇಕು.

ಗಂಡನ್ನು ಒಂದು ದಿನ ಮುಂಚೆ ಬಿಡುತ್ತೇನೆ, ಜಾಗ ತನ್ನದು ಅಂತ ಆಗಲಿ. ಮರುದಿನ ಎರಡೂ ತುದಿ ಕತ್ತರಿಸಿದ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯನ್ನು ಬಾಕ್ಸಿನ ಮಧ್ಯೆ ನಿಲ್ಲಿಸಿ ಅದರೊಳಗೆ ಹೆಣ್ಣನ್ನು ಬಿಡುತ್ತೇನೆ. ಇಲ್ಲಿಂದ ಮುಂದೆ ಗಡಿಯಾರ ನೋಡುವುದಿಲ್ಲ, ಹೆಣ್ಣನ್ನು ನೋಡುತ್ತೇನೆ. ಗಾಢ ಬಣ್ಣದ ಹೆಣ್ಣಿನ ಮೈಮೇಲೆ ಮೇಲಿಂದ ಕೆಳಕ್ಕೆ ಉದ್ದ ಪಟ್ಟೆ ಎದ್ದರೆ ಅದು ಒಪ್ಪಿಗೆ. ತಲೆಯಿಂದ ಬಾಲದವರೆಗೆ ಅಡ್ಡ ಪಟ್ಟೆ ಬಂದರೆ ಹೆದರಿದೆ ಅಂತ ಅರ್ಥ. ತಿಳಿ ಬಣ್ಣದ ಹೆಣ್ಣಿನಲ್ಲಿ ಪಟ್ಟೆ ಕಾಣುವುದೇ ಇಲ್ಲ, ಆಗ ನಡವಳಿಕೆ ನೋಡಬೇಕು: ತಲೆ ತಗ್ಗಿಸಿ ಗಂಡಿನ ಕಡೆಗೇ ತಿರುಗಿ ನಿಲ್ಲುತ್ತದೆ, ಗಂಡು ಗೂಡಿನ ಕಡೆ ಹೋದರೆ ಬಾಟಲಿಯೊಳಗೇ ಅದರ ಹಿಂದೆ ಹೋಗಲು ನೋಡುತ್ತದೆ. ಆ ಕಡೆ ಗಂಡು ಬರೀ ಬಾಟಲಿಗೆ ಗುದ್ದುತ್ತಾ ಇದ್ದರೆ ಸಾಲದು, ನಡುನಡುವೆ ಹೋಗಿ ಗುಳ್ಳೆ ಕಟ್ಟಿ ಬರುತ್ತಿರಬೇಕು. ಎರಡೂ ಕಡೆ ಈ ಲಕ್ಷಣ ಕಂಡ ಮೇಲೆ, ಸಂಜೆ ಹೊತ್ತಿಗೆ, ಬಾಟಲಿ ಮೆಲ್ಲಗೆ ಎತ್ತುತ್ತೇನೆ. ಲಕ್ಷಣ ಕಾಣಲಿಲ್ಲವೇ, ಎರಡನ್ನೂ ವಾಪಸ್ ಅವುಗಳ ಜಾಗಕ್ಕೆ ಬಿಟ್ಟು ಮತ್ತೊಂದು ವಾರ ತಿನ್ನಿಸುತ್ತೇನೆ.

ಬಿಟ್ಟ ಮೇಲೆ ಅಟ್ಟಾಡಿಸುವುದು, ರೆಕ್ಕೆ ತುದಿ ಹರಿಯುವುದು ಮಾಮೂಲು, ಗಾಬರಿ ಬೇಡ. ಆದರೆ ಮೈಮೇಲೆ ಹುರುಪೆ ಕಿತ್ತು ಗಾಯವಾದರೆ, ಹೆಣ್ಣು ಮೂಲೆ ಹಿಡಿದು ಏಳದೇ ಇದ್ದರೆ ತಕ್ಷಣ ತೆಗೆಯಿರಿ. ಎರಡು ಮೂರು ದಿನವಾದರೂ ಮೊಟ್ಟೆ ಇಡದಿದ್ದರೂ ಅಷ್ಟೇ. ಎಲ್ಲ ಸರಿ ಹೋದರೆ ಗಂಡು ಗೂಡಿನ ಅಡಿಯಲ್ಲಿ ಹೆಣ್ಣನ್ನು ಸುತ್ತಿ ಹಿಡಿಯುತ್ತದೆ, ಬಿಟ್ಟಾಗ ಹೆಣ್ಣು ಕೆಲವು ಕ್ಷಣ ಸತ್ತ ಹಾಗೆ ತೇಲುತ್ತದೆ, ಬಿಳಿ ಮೊಟ್ಟೆಗಳು ಉದುರುತ್ತವೆ. ಹೊಸಬರು ಇದನ್ನು ನೋಡಿ ಹೆಣ್ಣು ಸತ್ತಿತು ಅಂತ ಕೈ ಹಾಕಿಬಿಡುತ್ತಾರೆ, ದಯವಿಟ್ಟು ಹಾಕಬೇಡಿ. ಇದು ಕೆಲವು ಗಂಟೆ ನಡೆಯುತ್ತದೆ. ಮುಗಿದ ಮೇಲೆ ಗಂಡು ಹೆಣ್ಣನ್ನು ಓಡಿಸಲು ಶುರುಮಾಡುತ್ತದೆ, ಹೆಣ್ಣನ್ನು ತೆಗೆಯುವ ಹೊತ್ತು ಅದೇ.

ತೆಗೆದ ಹೆಣ್ಣನ್ನು ಬಾದಾಮಿ ಎಲೆ ಹಾಕಿದ, ಅದೇ ಬಿಸಿಯ ಶುದ್ಧ ನೀರಿನಲ್ಲಿ ಒಂಟಿಯಾಗಿ ಇಡಿ, ಮರುದಿನದಿಂದ ಸ್ವಲ್ಪ ಸ್ವಲ್ಪ ತಿನ್ನಿಸಿ. ರೆಕ್ಕೆ ಮತ್ತೆ ಬೆಳೆದು, ಹೊಟ್ಟೆ ಮತ್ತೆ ದುಂಡಗಾಗುವವರೆಗೆ, ಏನಿಲ್ಲವೆಂದರೂ ಒಂದು ತಿಂಗಳು, ಇನ್ನೊಂದು ಗಂಡಿನ ಹತ್ತಿರ ಬಿಡಬೇಡಿ. ಗಂಡಿಗೆ ಮರಿ ಈಜುವವರೆಗೆ ನಾನು ಏನೂ ಹಾಕುವುದಿಲ್ಲ, ಇಷ್ಟು ದಿನ ತಿನ್ನಿಸಿದ್ದು ಈ ಉಪವಾಸಕ್ಕೇ. ಮರಿ ಅಡ್ಡಕ್ಕೆ ಈಜಿದ ದಿನ ಅದನ್ನೂ ತೆಗೆದು, ಕೋಸಿನ ಎಲೆಯ ಜಾಡಿಯಿಂದ ಮೊದಲ ಪಿಪೆಟ್ ನೀರು ಬಾಕ್ಸಿಗೆ ಬಿಡುತ್ತೇನೆ.