ಟ್ಯೂನಿಂಗ್ ಡಬ್ಬಿ ಕೊಳ್ಳುವ ಮೊದಲು ಬೈಕಿನ ಸೆನ್ಸರ್ ನೋಡಿ

ಬೆಳಗಾವಿಯ ಯಾವ ಗ್ಯಾರೇಜಿನಲ್ಲಿ ಸಂಜೆ ಹೊತ್ತು ಕೂತರೂ ಈ ಮಾತು ಕಿವಿಗೆ ಬೀಳುತ್ತದೆ: "ಡಬ್ಬಿ ಹಾಕಿಸಿದೆ, ಎರಡ ದಿನ ಭಾರೀ ಓಡ್ತುರಿ, ಈಗ ಮತ್ತ ಮೊದಲಿನಂಗ ಆಗೇದ." ಡಬ್ಬಿ ಅಂದರೆ ಇಂಜೆಕ್ಷನ್ ಗಾಡಿಯ ವೈರಿಂಗಿಗೆ ಸೇರಿಸಿ ಪೆಟ್ರೋಲಿನ ಪ್ರಮಾಣ ಬದಲಿಸುವ ಟ್ಯೂನಿಂಗ್ ಸಾಧನ. ಅದು ಕೆಟ್ಟಿರುವುದಿಲ್ಲ. ಯಾಕೆ ಹೀಗಾಗುತ್ತದೆ ಅಂತ ಮೂರನೇ ಹಂತದಲ್ಲಿ ಹೇಳುತ್ತೇನೆ.

1. ಏರ್ ಫಿಲ್ಟರ್, ಪ್ಲಗ್, ಸೈಲೆನ್ಸರ್ ಜಾಯಿಂಟಿನ ಲೀಕ್ ನೋಡಿ. ಸೈಲೆನ್ಸರ್, ಫಿಲ್ಟರ್ ಎರಡೂ ಕಂಪನಿಯವೇ ಇದ್ದರೆ ಇಲ್ಲಿಗೇ ನಿಲ್ಲಿಸಿ, ದುಡ್ಡು ಉಳಿಸಿ.

2. ಕಾರ್ಬುರೇಟರ್ ಗಾಡಿಯೇ? ಹಾಗಾದರೆ ಡಬ್ಬಿಯ ಮಾತೇ ಇಲ್ಲ, ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಬದಲಿಸಿದರೆ ಸಾಕು. ಮೇನ್ ಜೆಟ್ ಒಂದು ನಂಬರ್ ಏರಿಸಿ, ಓಡಿಸಿ, ಪ್ಲಗ್ ಬಿಚ್ಚಿ ನೋಡಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ಸರಿ. ಬಿಳಿ ಆದರೆ ಪೆಟ್ರೋಲ್ ಕಮ್ಮಿ, ಕಪ್ಪು ಮಸಿ ಆದರೆ ಜಾಸ್ತಿ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ. ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋದರೆ ಗಾಳಿ ದಟ್ಟವಾಗುತ್ತದೆ, ಅದೇ ಜೆಟ್‌ಗೆ ಪೆಟ್ರೋಲ್ ಸಾಲುವುದಿಲ್ಲ. ಅದಕ್ಕೇ ನಾನು ಸ್ವಲ್ಪ ಜಾಸ್ತಿ ಕಡೆಗೇ ಇಡುತ್ತೇನೆ. ನಮ್ಮ ಕಬ್ಬಿನಿಂದಲೂ ಬರುವ ಎಥೆನಾಲ್ ಶೇ. 20ರವರೆಗೆ ಬೆರೆತ ಇ20 ಪೆಟ್ರೋಲಿಗೂ ಇದೇ ಒಳ್ಳೆಯದು.

3. ಇಂಜೆಕ್ಷನ್ ಗಾಡಿಯಾದರೆ (2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲಿನವು ಹೆಚ್ಚುಕಮ್ಮಿ ಎಲ್ಲ ಇವೇ) ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವುದು) ಹುಡುಕಿ. ಆಟ ಇರುವುದೇ ಇಲ್ಲಿ. ಒಂದೇ ವೇಗದಲ್ಲಿ ಆರಾಮಾಗಿ ಹೋಗುವಾಗ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಈ ಸೆನ್ಸರ್ ಮಾತು ಕೇಳಿ, ಎಥೆನಾಲ್ ಇಲ್ಲದ ಪೆಟ್ರೋಲಾದರೆ ತೂಕದಲ್ಲಿ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಇಡಲು ನೋಡುತ್ತದೆ. ನೀವು ಡಬ್ಬಿಯಿಂದ ಹೆಚ್ಚು ಪೆಟ್ರೋಲ್ ಕೊಡುತ್ತೀರಿ. ಸೆನ್ಸರ್ "ಜಾಸ್ತಿ ಆಯ್ತು" ಅನ್ನುತ್ತದೆ, ಇಸಿಯು ಅಷ್ಟನ್ನೇ ಕಡಿಮೆ ಮಾಡುತ್ತದೆ, ಮಾಡಿದ್ದನ್ನು ನೆನಪಿಟ್ಟುಕೊಳ್ಳುತ್ತದೆ. ಎರಡು ದಿನದ ಸುಖ ಹೀಗೆ ಹೋಗುತ್ತದೆ. ಥ್ರಾಟಲ್ ಪೂರ್ತಿ ತಿರುವಿದಾಗ ಮಾತ್ರ ಇಸಿಯು ಸೆನ್ಸರನ್ನು ಬಿಟ್ಟು ತನ್ನ ಲೆಕ್ಕದಲ್ಲಿ ನಡೆಯುತ್ತದೆ, ಡಬ್ಬಿಯ ಕೆಲಸ ಅಲ್ಲಿ ಕಾಣುತ್ತದೆ. ಹಾಗಾಗಿ ಅಂಗಡಿಯಲ್ಲಿ ಮೊದಲ ಪ್ರಶ್ನೆ ಇದಿರಲಿ: "ಈ ಡಬ್ಬಿ ಆಕ್ಸಿಜನ್ ಸೆನ್ಸರಿಗೆ ಏನು ಮಾಡುತ್ತದೆ?" ತಡವರಿಸಿದರೆ ಎದ್ದು ಬನ್ನಿ. ಸೆನ್ಸರ್ ವೈರ್ ಕಿತ್ತುಬಿಡುವುದು ಉಪಾಯ ಅಲ್ಲ. ಮೀಟರಿನಲ್ಲಿ ಎಂಜಿನ್ ಲೈಟ್ ಹತ್ತುತ್ತದೆ, ಮೈಲೇಜೂ ಬೀಳುತ್ತದೆ.

"ಪವರ್ ಚಿಪ್" ಅಂತ ಕೆಲವು ನೂರು ರೂಪಾಯಿಗೆ ಸಿಗುವ ವಸ್ತುವನ್ನು ಮುಟ್ಟಬೇಡಿ. ಬಿಚ್ಚಿದರೆ ಎಷ್ಟೋ ಸಲ ಒಳಗಿರುವುದು ಒಂದು ರೆಸಿಸ್ಟರ್. ಗಾಳಿ ತಣ್ಣಗಿದೆ ಅಂತ ಇಸಿಯುಗೆ ಸುಳ್ಳು ಹೇಳಿ ಹೆಚ್ಚು ಪೆಟ್ರೋಲ್ ಹಾಕಿಸುವುದಷ್ಟೇ ಅದರ ಕೆಲಸ.

4. ಈಗ ಆಯ್ಕೆ. ಬರೀ ಸೈಲೆನ್ಸರ್, ಫಿಲ್ಟರ್ ಬದಲಾಗಿದ್ದರೆ ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನವರ ಫ್ಯುಯೆಲ್‌ಎಕ್ಸ್ ಥರದ, ಪೆಟ್ರೋಲ್ ಮಾತ್ರ ಹೊಂದಿಸುವ ಡಬ್ಬಿ ಸಾಕು. ಅವರದ್ದೇ ಪವರ್‌ಟ್ರಾನಿಕ್ ಇಗ್ನಿಷನ್ ಟೈಮಿಂಗನ್ನೂ (ಪ್ಲಗ್ ಕಿಡಿ ಹಾರಿಸುವ ಹೊತ್ತನ್ನೂ) ಬದಲಿಸುತ್ತದೆ. ಎಂಜಿನ್ ಒಳಗಿನ ಕ್ಯಾಮ್, ಪಿಸ್ಟನ್ ಮುಟ್ಟದವರಿಗೆ ಅದು ಯಾಕೆ? ಇಸಿಯು ರೀಮ್ಯಾಪ್ (ಇಸಿಯು ಒಳಗಿನ ಲೆಕ್ಕವನ್ನೇ ಬದಲಿಸುವುದು) ಚೆನ್ನ, ಆದರೆ ಡೈನೋ (ಪವರ್ ಅಳೆಯುವ ಯಂತ್ರ) ಮತ್ತು ಗಾಳಿ-ಪೆಟ್ರೋಲ್ ಪ್ರಮಾಣ ನಿಖರವಾಗಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇಟ್ಟುಕೊಂಡವರ ಕೈಯಲ್ಲಿ ಮಾತ್ರ. ಲ್ಯಾಪ್‌ಟಾಪ್ ಒಂದೇ ಹಿಡಿದು ಬರುವವರಿಂದ ಬೇಡ.

5. ಕಪ್ಲರಿಗೆ (ವೈರ್ ಜೋಡಿಸುವ ಸಾಕೆಟ್ಟಿಗೆ) ಕಪ್ಲರ್ ಕೂರುವ ಕಿಟ್ಟನ್ನೇ ತನ್ನಿ. ನಾಳೆ ಬೇಡವೆನಿಸಿದರೆ ಹತ್ತು ನಿಮಿಷದಲ್ಲಿ ತೆಗೆದಿಡಬಹುದು. ವೈರ್ ಕತ್ತರಿಸಿ ಟೇಪ್ ಸುತ್ತುವ ಕಿಟ್ ಇದ್ದರೆ, ಮೊದಲ ಮಳೆಗೇ ಗಾಡಿ ತಳ್ಳುತ್ತಾ ಮನೆಗೆ ಬರುತ್ತೀರಿ.