ಬರೆಯುವ ಮೇಜಿನ ಮೇಲೆ ಅಜ್ಜಿಯ ಪಾವು

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ನಮ್ಮ ಮನೆಯ ಊಟದ ಮೇಜಿನ ಒಂದು ಮೂಲೆ ನನ್ನ ಕಚೇರಿಯಾಯಿತು. ಕೆಲವು ತಿಂಗಳಾದ ಮೇಲೆ ಮಲಗುವ ಕೋಣೆಯ ಕಿಟಕಿ ಪಕ್ಕಕ್ಕೆ ನಾಲ್ಕು ಅಡಿಯ ಮೇಜೊಂದು ಬಂತು. ಮೇಜು ಬಂದದ್ದೇ ತಡ, ಅಟ್ಟದಿಂದ, ಬೀರುವಿನಿಂದ ಒಂದೊಂದೇ ಇಳಿದು ಬಂದು ಕೂತವು: ಅಪ್ಪನ ಕೈಗಡಿಯಾರ, ಮಗಳು ಆಡಿ ಬಿಟ್ಟ ಚನ್ನಪಟ್ಟಣದ ಗಿಳಿ, ಅಜ್ಜಿಯ ಹಿತ್ತಾಳೆ ಪಾವು, ಒಂದು ಕಟ್ಟು ಇನ್‌ಲ್ಯಾಂಡ್ ಪತ್ರ, ಗಾಜಿನ ಚೌಕಟ್ಟಿನ ಮೂರು ಫೋಟೊ. ಒಂದು ದಿನ ಲ್ಯಾಪ್‌ಟಾಪ್ ಇಡಲು ಜಾಗವೇ ಸಿಗದೆ ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡಿದೆ. ನೆನಪಿನ ಸಾಮಾನನ್ನು ಇಡುವುದಕ್ಕೂ ಒಂದು ಕ್ರಮ ಬೇಕು ಎಂದು ಹೊಳೆದದ್ದು ಅವತ್ತು. ಮುಂದೆ ಹೇಳುವುದರಲ್ಲಿ ಅರ್ಧದಷ್ಟು, ಏನಾದರೊಂದನ್ನು ಹಾಳು ಮಾಡಿಕೊಂಡು ಕಲಿತದ್ದು.

ಮೊದಲು ಎಲ್ಲವನ್ನೂ ಕೆಳಗಿಳಿಸಿ

ಭಾನುವಾರ ಬೆಳಿಗ್ಗೆ ನೆಲದ ಮೇಲೆ ಹಳೆಯ ಸೀರೆಯನ್ನೋ ದುಪ್ಪಟಿಯನ್ನೋ ಹಾಸಿ, ಮೇಜಿನ ಮೇಲಿರುವುದನ್ನೆಲ್ಲ ಅಲ್ಲಿಗೆ ಇಳಿಸಿ. ಒಂದೊಂದನ್ನೂ ಕೈಗೆತ್ತಿಕೊಳ್ಳಿ. ‘ಇದೇನು?’ ಎಂದು ಮನೆಗೆ ಬಂದವರು ಕೇಳಿದರೆ ಅದರ ಬಗ್ಗೆ ಎರಡು ಮಾತು ಹೇಳಲು ಬರುತ್ತದೆಯೇ? ಬಂದರೆ ಬಲಗಡೆಗೆ, ಬಾರದಿದ್ದರೆ ಎಡಗಡೆಗೆ.

ಸಮಾರಂಭಗಳಲ್ಲಿ ಶಾಲು, ಹಾರದ ಜೊತೆ ಕೊಡುವ ಫಲಕಗಳು ನನ್ನ ಲೆಕ್ಕದಲ್ಲಿ ನೇರವಾಗಿ ಎಡಗಡೆಗೆ. ‘ಸ್ಮರಣಿಕೆ’ ಎಂದು ಕೊರೆಸಿದ್ದರೂ ಅವುಗಳಲ್ಲಿ ಹತ್ತಕ್ಕೆ ಒಂಬತ್ತು ಯಾವ ಊರಿನಲ್ಲಿ ಕೊಟ್ಟದ್ದೆಂದು ಹಿಂದಿನ ಚೀಟಿ ಓದಿಯೇ ತಿಳಿಯಬೇಕು. ದೇವರ ಪಟವನ್ನು ಈ ಎಣಿಕೆಗೆ ಸೇರಿಸಬೇಡಿ, ಅದರ ಖಾತೆಯೇ ಬೇರೆ.

ಬಲಗಡೆ ಉಳಿದವುಗಳಲ್ಲಿ ನಾಲ್ಕೋ ಐದೋ ಮಾತ್ರ ಮೇಜಿಗೆ ಮರಳಲಿ. ಮಿಕ್ಕವು ಮುಚ್ಚಳವಿರುವ ಒಂದು ಡಬ್ಬಕ್ಕೆ. ದಸರಾ ಗೊಂಬೆಗಳನ್ನು ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ತೆಗೆದಾಗ ಮನೆಮಂದಿಯೆಲ್ಲ ಸುತ್ತ ಕೂರುತ್ತಾರಲ್ಲ, ಹನ್ನೆರಡು ತಿಂಗಳೂ ಷೋಕೇಸಿನಲ್ಲಿದ್ದರೆ ಯಾರೂ ಕೂರುತ್ತಿರಲಿಲ್ಲ. ಹಬ್ಬಕ್ಕೆ ಮನೆ ಸಾರಿಸುವಾಗ ಡಬ್ಬದಲ್ಲಿರುವುದನ್ನೂ ಮೇಜಿನ ಮೇಲಿರುವುದನ್ನೂ ಅದಲು ಬದಲು ಮಾಡಿ.

ಕೈಗೊಂದು ಕೆಲಸ ಕೊಡಿ

ಸುಮ್ಮನೆ ಕೂತ ವಸ್ತುವಿನ ಮೇಲೆ ಧೂಳು ಕೂರುತ್ತದೆ. ಕೆಲಸ ಮಾಡುವ ವಸ್ತು ದಿನಕ್ಕೆ ಹತ್ತು ಸಲ ಕೈಗೆ ಬರುತ್ತದೆ. ನಮ್ಮ ಅಜ್ಜಿಯ ಪಾವು ಈಗ ನನ್ನ ಪೆನ್ನಿನ ಸ್ಟ್ಯಾಂಡು. ಸೇರಿನಲ್ಲಿ ಪೆನ್ನುಗಳು ಮುಳುಗಿಹೋಗುತ್ತವೆ, ಚಟಾಕಿನಲ್ಲಿ ನಿಲ್ಲುವುದಿಲ್ಲ. ಪಾವೇ ಸರಿ.

ಎರಡು ಪಾವಿಗೆ ಒಂದು ಅಚ್ಚೇರು, ಎರಡು ಅಚ್ಚೇರಿಗೆ ಒಂದು ಸೇರು. 1956ರ ಕಾನೂನು ಕಿಲೋ, ಲೀಟರುಗಳನ್ನು ತಂದಿತು. ಅರವತ್ತರ ದಶಕದಲ್ಲಿ ಅಂಗಡಿಗಳ ವ್ಯವಹಾರದಿಂದ ಪಾವು, ಸೇರುಗಳು ಹೊರಬಿದ್ದವು. ಅಡುಗೆಮನೆಗೆ ಮಾತ್ರ ಆ ಕಾನೂನು ಕಾಲಿಡಲಿಲ್ಲ. ಅಜ್ಜಿ ಕೊನೆಯವರೆಗೂ ಅಕ್ಕಿಯನ್ನು ಪಾವಿನಲ್ಲಿಯೇ ಅಳೆದರು. ಮೊದಲ ಅಳತೆಗೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು. ಆಮೇಲೆ ಎರಡು, ಮೂರು. ಅಳೆದಾದ ಮೇಲೆ ಡಬ್ಬದ ಅಂಚಿಗೆ ಪಾವನ್ನು ಟಣ್ಣೆಂದು ಒಮ್ಮೆ ಬಡಿಯುವುದು. ಹಾಗೆ ಬಡಿದು ಬಡಿದು ಅದರ ಬಾಯಿಯ ಒಂದು ಪಕ್ಕ ಹೆಬ್ಬೆರಳು ಕೂರುವಷ್ಟು ತಗ್ಗಿದೆ. ಫೋನಿನಲ್ಲಿ ಮಾತು ಉದ್ದವಾದಾಗ ನನ್ನ ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಎರಡು ಅಕ್ಷರಗಳಿವೆ, ಅರ್ಧ ಸವೆದಿವೆ. ಅಜ್ಜಿಯ ತವರಿನವರ ಹೆಸರು ಅದು ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ.

ಇಂಥ ಹಿತ್ತಾಳೆ ಸಾಮಾನನ್ನು ಮೇಜಿಗೆ ತರುವಾಗ ಒಮ್ಮೆ ಹುಣಸೆಹಣ್ಣು ಹಚ್ಚಿ, ನೀರಿನಲ್ಲಿ ಚೆನ್ನಾಗಿ ತೊಳೆದು, ಆ ಕೂಡಲೇ ಬಟ್ಟೆಯಿಂದ ಒರೆಸಿ ಒಣಗಿಸಿ. ಹುಳಿ ಉಳಿದರೆ ಹಸಿರು ಕಿಲುಬು ಏಳುತ್ತದೆ. ಆಮೇಲೆ ವಾರವಾರ ಉಜ್ಜುವ ಉಸಾಬರಿ ಬೇಡ. ಉಜ್ಜಿದಷ್ಟೂ ಕೊರೆದ ಹೆಸರು, ಅಳತೆಯ ಮುದ್ರೆ ಎಲ್ಲ ಅಳಿಸಿಹೋಗುತ್ತವೆ. ತಗ್ಗು ಬಿದ್ದಿದ್ದರೆ ತಟ್ಟಿಸಿ ಸರಿ ಮಾಡಿಸಬೇಡಿ. ಒಳಗೆ ತಳಕ್ಕೆ ಒಂದು ಬಟ್ಟೆ ಚೂರು ಹಾಕಿದರೆ ಪೆನ್ನಿನ ಮೊನೆಗೆ ಪೆಟ್ಟಾಗುವುದಿಲ್ಲ.

ನಿಮ್ಮಲ್ಲಿರುವುದು ಬಿದರಿ ಡಬ್ಬಿಯಾದರೆ ಹುಣಸೆಹಣ್ಣನ್ನು ಅದರ ಹತ್ತಿರವೂ ತರಬೇಡಿ. ಬಿದರಿಯ ಲೋಹದಲ್ಲಿ ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ. ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ತಂದ ಕಪ್ಪು ಅದು, ಹುಳಿ ತಾಗಿದರೆ ಕೆಡುತ್ತದೆ. ಮೆತ್ತನೆಯ ಬಟ್ಟೆಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು.

ಗಿಳಿ ಮತ್ತು ಗಡಿಯಾರ

ಚನ್ನಪಟ್ಟಣದ ಆಟಿಕೆಯ ಬಣ್ಣ ಪೇಂಟಿನದಲ್ಲ, ಅರಗಿನದು. ಹಾಲೆ ಮರದ ತುಂಡು ಚರಕಿಯಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ತಾಳೆಗರಿ ಹಿಡಿದು ಹೊಳಪು ಕೊಡುತ್ತಾರೆ. ಇದು ಗೊತ್ತಿದ್ದೂ 2020ರಲ್ಲಿ ಕಂಡದ್ದಕ್ಕೆಲ್ಲ ಸ್ಯಾನಿಟೈಸರ್ ಸುರಿಯುವ ಹುಚ್ಚಿನಲ್ಲಿ ಗಿಳಿಯನ್ನೂ ಒರೆಸಿದೆ. ಬಟ್ಟೆಯೆಲ್ಲ ಹಸಿರು. ಸ್ಯಾನಿಟೈಸರಿನಲ್ಲಿರುವ ಆಲ್ಕೊಹಾಲ್ ಅರಗನ್ನು ಕರಗಿಸುತ್ತದೆ. ಈಗ ಆ ಗಿಳಿಯ ಒಂದು ಕೆನ್ನೆ ಮಂಕು. ಒಣ ಬಟ್ಟೆ ಸಾಕಿತ್ತು. ಮಧ್ಯಾಹ್ನದ ಬಿಸಿಲು ನೇರ ಬೀಳುವ ಪಶ್ಚಿಮದ ಕಿಟಕಿಯ ಪಟ್ಟಿಯ ಮೇಲೂ ಅರಗಿನ ಸಾಮಾನು ಬೇಡ.

ಕೀಲಿ ಕೊಡುವ ಗಡಿಯಾರಕ್ಕೆ ಬೇರೆಯದೇ ಶತ್ರು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರ ತಯಾರಿಕೆ ಶುರುವಾಯಿತು. ಮದುವೆಗೆ, ನೌಕರಿಗೆ, ಎಸ್‌ಎಸ್‌ಎಲ್‌ಸಿ ಪಾಸಾದುದಕ್ಕೆ ಆ ಕಾಲದಲ್ಲಿ ಎಚ್‌ಎಂಟಿಯೇ ಉಡುಗೊರೆ. ಆ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ್ದು 2016ರಲ್ಲಿ. ಅಪ್ಪನ ‘ಜನತಾ’ ಗಡಿಯಾರವನ್ನು ಲ್ಯಾಪ್‌ಟಾಪಿನ ಸ್ಪೀಕರ್ ಪಕ್ಕ ಇಟ್ಟಿದ್ದೆ. ಬರಬರುತ್ತ ದಿನಕ್ಕೆ ಹತ್ತು ನಿಮಿಷ ಮುಂದೆ ಓಡತೊಡಗಿತು. ರಿಪೇರಿ ಮಾಡುವ ಹಿರಿಯರು ಅದನ್ನು ಬಿಚ್ಚಲೇ ಇಲ್ಲ. ಮೇಜಿನ ಮೇಲಿದ್ದ ಪುಟ್ಟ ದಿಕ್ಸೂಚಿಯ ಹತ್ತಿರ ಹಿಡಿದರು, ಮುಳ್ಳು ತಟಕ್ಕನೆ ತಿರುಗಿತು. ‘ಅಯಸ್ಕಾಂತ ಹಿಡಿದಿದೆ ಅಮ್ಮ’ ಎಂದರು. ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡರೆ ಗಡಿಯಾರ ಓಡುತ್ತದಂತೆ. ಸಣ್ಣ ಯಂತ್ರದ ಮೇಲೆ ಹಿಡಿದು ಒಂದೇ ನಿಮಿಷದಲ್ಲಿ ಬಿಡಿಸಿಕೊಟ್ಟರು. ಸ್ಪೀಕರ್, ವೈರ್‌ಲೆಸ್ ಚಾರ್ಜರ್, ಅಯಸ್ಕಾಂತದ ಮುಚ್ಚಳವಿರುವ ಮೊಬೈಲ್ ಕವರು, ಇವುಗಳಿಂದ ಗಡಿಯಾರವನ್ನು ಒಂದು ಮೊಳವಾದರೂ ದೂರ ಇಡಿ. ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಕೀಲಿ ಕೊಡುವುದನ್ನು ರೂಢಿ ಮಾಡಿಕೊಳ್ಳಿ. ಬೆರಳಿಗೆ ಬಿಗಿ ಎನಿಸಿದ ಕೂಡಲೇ ನಿಲ್ಲಿಸಬೇಕು.

ಕಾಗದದ ಸಾಮಾನು

ಮೇಜಿನ ಮೇಲೆ ಯಾವತ್ತೂ ನಕಲು ಇರಲಿ, ಅಸಲು ಬೀರುವಿನ ಕತ್ತಲಲ್ಲಿರಲಿ. ಫೋಟೊ, ಪತ್ರ ಎರಡಕ್ಕೂ ಇದೇ ನಿಯಮ. ಬೆಳಕು ಶಾಯಿಯನ್ನೂ ಬಣ್ಣವನ್ನೂ ತಿನ್ನುತ್ತದೆ. ಅಸಲನ್ನೇ ಚೌಕಟ್ಟಿಗೆ ಹಾಕುವ ಹಟವಿದ್ದರೆ ಗಾಜಿಗೂ ಫೋಟೊಗೂ ನಡುವೆ ಸುತ್ತಲೂ ದಪ್ಪ ರಟ್ಟಿನ ಅಂಚು ಕೊಡಿಸಿ. ಮಳೆಗಾಲದ ತೇವಕ್ಕೆ ಫೋಟೊ ಗಾಜಿಗೆ ಅಂಟಿದರೆ ಬಿಡಿಸುವಾಗ ಮುಖವೇ ಕಿತ್ತು ಬರುತ್ತದೆ.

ಪತ್ರಗಳ ಕಟ್ಟಿನಿಂದ ಮೊದಲು ರಬ್ಬರ್ ಬ್ಯಾಂಡು, ಗುಂಡುಪಿನ್ನು ತೆಗೆಯಿರಿ. ಮಡಿಕೆ ಬಿಡಿಸಿ ಚಪ್ಪಟೆಯಾಗಿ ಇಡಿ. ಹೊಸ ರೇನ್‌ಕೋಟಿನ ವಾಸನೆ ಬರುವ ಪ್ಲಾಸ್ಟಿಕ್ ಕವರುಗಳು ಬೇಡ. ಮನೆಯಲ್ಲಿ ಹಳೆಯ ತಂತಿ ಸಂದೇಶವಿದ್ದರೆ ಇನ್ನೂ ಜೋಪಾನ. 2013ರ ಜುಲೈಗೆ ಆ ಸೇವೆಯೇ ನಿಂತಿತು. ಫಾರಮ್ಮಿನ ಮೇಲೆ ಅಂಟಿಸಿದ ಅಚ್ಚಿನ ಪಟ್ಟಿಗಳು ಗೋಂದು ಒಣಗಿ ಉದುರುತ್ತವೆ. ಪಟ್ಟಿಗಳ ಕ್ರಮ ತಪ್ಪುವ ಮೊದಲೇ ಫೋಟೊ ತೆಗೆದಿಡಿ. ಫೋಟೊ ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್, ಅದೂ ಅಂಚಿನಲ್ಲಿ. ಬಾಲ್‌ಪೆನ್ನಿನ ಗೀರು ಮುಂದುಗಡೆ ಎದ್ದು ಕಾಣುತ್ತದೆ. ಡಬ್ಬದೊಳಕ್ಕೆ ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ಬದಲಿಸಿ.

ಇನ್ನು ಬಸ್ ಟಿಕೆಟ್ಟು. ಅಮ್ಮನ ಜೊತೆ ಕೊನೆಯ ಸಲ ಹೊರನಾಡಿಗೆ ಹೋಗಿದ್ದೆವು. ಕಂಡಕ್ಟರ್ ಯಂತ್ರದಿಂದ ಹರಿದು ಕೊಟ್ಟ ಟಿಕೆಟ್ಟನ್ನು ಅಮ್ಮ ಕುಂಕುಮದ ಪೊಟ್ಟಣದೊಳಗೆ ಇಟ್ಟುಕೊಂಡಿದ್ದರು. ಇಬ್ಬರದೂ ಒಂದೇ ಚೀಟಿ, ‘ವಯಸ್ಕರು 2’ ಎಂದಿತ್ತು. ಎರಡು ವರ್ಷದಲ್ಲಿ ಅಕ್ಷರ ಮಾಸತೊಡಗಿತು. ಉಳಿಸಿಕೊಳ್ಳಬೇಕೆಂದು ನಾನೇ ಜೆರಾಕ್ಸ್ ಅಂಗಡಿಗೆ ಹೋಗಿ ಲ್ಯಾಮಿನೇಷನ್ ಮಾಡಿಸಿದೆ. ಯಂತ್ರದ ಈ ಕಡೆಯಿಂದ ಬಿಳಿಯ ಚೀಟಿ ಹೋಯಿತು, ಆ ಕಡೆಯಿಂದ ಕರಿಯ ಚೀಟಿ ಬಂತು. ‘ಇದು ಬಿಲ್ಲಿನ ಕಾಗದ ಅಕ್ಕ, ಮೊದಲೇ ಹೇಳಬಾರದಿತ್ತೇ?’ ಎಂದ ಅಂಗಡಿಯ ಹುಡುಗ. ತಪ್ಪು ಅವನದಲ್ಲ. ಆ ಕಾಗದಕ್ಕೆ ಶಾಯಿಯೇ ಇಲ್ಲ. ಕಾಗದದ ಲೇಪವೇ ಬಿಸಿ ತಾಗಿದಲ್ಲಿ ಕಪ್ಪಾಗಿ ಅಕ್ಷರವಾಗುತ್ತದೆ, ಇಡೀ ಕಾಗದಕ್ಕೆ ಬಿಸಿ ತಾಗಿದರೆ ಇಡೀ ಕಾಗದ ಕಪ್ಪು. ಬೆಳಕು, ಎಣ್ಣೆಯ ಕೈ, ಪ್ಲಾಸ್ಟಿಕ್ ಕವರು ತಾಗಿದರೆ ಅಕ್ಷರ ಹಾರಿಯೂ ಹೋಗುತ್ತದೆ. ಬಸ್, ಸಿನಿಮಾ, ಹೋಟೆಲ್ ಬಿಲ್ಲು ಏನೇ ಇರಲಿ, ಕೈಗೆ ಬಂದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ಬೇಕಾದರೆ ಮಾಮೂಲಿ ಕಾಗದದ ಮೇಲೆ ಮುದ್ರಿಸಿಕೊಳ್ಳಿ. ನನ್ನ ಕರಿಯ ಚೀಟಿಯನ್ನು ಎಸೆದಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಆ ‘2’ ಒಂಚೂರು ಕಂಡಂತಾಗುತ್ತದೆ. ಅದು ನನ್ನ ಭ್ರಮೆ ಎನ್ನುತ್ತಾಳೆ ಮಗಳು.

ಚೀಟಿ ಬರೆಯುವುದು

ಇದನ್ನೊಂದು ಬಿಟ್ಟರೆ ಮೇಲಿನದೆಲ್ಲ ಬರಿಯ ಧೂಳು ಒರೆಸುವ ಕೆಲಸ. ನಿಮ್ಮ ನಂತರ ಈ ಮೇಜನ್ನು ಖಾಲಿ ಮಾಡುವವರಿಗೆ ಪಾವು ಎಂದರೆ ಹಿತ್ತಾಳೆಯ ತೂಕ ಅಷ್ಟೇ. ಪ್ರತಿಯೊಂದಕ್ಕೂ ಪೋಸ್ಟ್‌ಕಾರ್ಡಿನ ಅರ್ಧದಷ್ಟು ರಟ್ಟಿನಲ್ಲಿ ಬರೆಯಿರಿ: ಏನು, ಯಾರದು, ಯಾವ ಊರಿನದು, ನಿಮ್ಮ ಕೈಗೆ ಹೇಗೆ ಬಂತು, ಮತ್ತು ಕಣ್ಣಾರೆ ಕಂಡ ಒಂದು ಸಂಗತಿ. ‘ಅಜ್ಜಿ ತುಂಬಾ ಪ್ರೀತಿಯವರು’ ಎಂದು ಬರೆಯಬೇಡಿ, ಅದು ಎಲ್ಲರ ಅಜ್ಜಿಗೂ ಹೊಂದುತ್ತದೆ. ಡಬ್ಬದ ಅಂಚಿಗೆ ಟಣ್ಣೆಂದು ಬಡಿಯುತ್ತಿದ್ದರು ಎಂದು ಬರೆಯಿರಿ.

ನಿಮಗೆ ಗೊತ್ತಿಲ್ಲದ್ದನ್ನು ಹಿರಿಯರಿಂದ ಕೇಳಬೇಕಾದರೆ ಒಂದು ಉಪಾಯವಿದೆ. ‘ಹಳೆಯ ಕಾಲದ್ದು ಏನಾದರೂ ಹೇಳಿ’ ಎಂದರೆ ಅವರು ‘ಏನಿದೆ ಹೇಳುವುದಕ್ಕೆ’ ಎನ್ನುತ್ತಾರೆ. ಬಾಯಿ ಬಿಡದೆ ವಸ್ತುವನ್ನು ಕೈಗಿಡಿ. ಮೊದಲೇ ಅವರ ಒಪ್ಪಿಗೆ ಪಡೆದು ಮೊಬೈಲಿನ ಧ್ವನಿಮುದ್ರಣವನ್ನು ಚಾಲೂ ಮಾಡಿಟ್ಟಿರಿ. ಕೈ ತಿರುಗಿಸಿ ನೋಡುತ್ತದೆ, ಬಾಯಿ ತಾನಾಗಿ ತೆರೆಯುತ್ತದೆ.

ಕಳೆದ ಗೌರಿ ಹಬ್ಬಕ್ಕೆ ದೊಡ್ಡಮ್ಮ ಬಂದಾಗ ಪೆನ್ನುಗಳನ್ನು ತೆಗೆದು ಪಾವನ್ನು ಅವರ ಕೈಗಿಟ್ಟೆ. ಬಾಯಿಯ ತಗ್ಗನ್ನು ಸವರಿದರು. ಮಗುಚಿ, ಕನ್ನಡಕ ಹಣೆಗೇರಿಸಿ ತಳದ ಅಕ್ಷರಗಳನ್ನು ಕಣ್ಣ ಹತ್ತಿರ ಹಿಡಿದರು. ಆಮೇಲೆ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡರು.

‘ಇದು ನಮ್ಮ ಮನೆಯದಲ್ಲ ಕಣೇ. ಎದುರು ಮನೆಯವರದು. ನನ್ನ ಮದುವೆಗೆ ಅಂತ ತಂದದ್ದು. ನಮ್ಮಮ್ಮ ವಾಪಸು ಕೊಡಲೇ ಇಲ್ಲ.’

ಎದುರು ಮನೆಯವರು ಊರು ಬಿಟ್ಟು ನಲವತ್ತು ವರ್ಷವಾಗಿದೆಯಂತೆ, ಮಕ್ಕಳು ಹಾಸನದ ಕಡೆ ಎಲ್ಲೋ ಇದ್ದಾರಂತೆ. ಪಾವಿನೊಳಗಿನ ಹಳೆಯ ಚೀಟಿಯನ್ನು ತೆಗೆದು ಅಜ್ಜಿಯ ತವರಿನ ಸಾಲನ್ನು ಹೊಡೆದುಹಾಕಿದೆ. ಕೆಳಗೆ ಪೆನ್ಸಿಲಿನಲ್ಲಿ ಸೇರಿಸಿದೆ: ‘ಎದುರು ಮನೆಯವರದು. ಕೇಳಿಕೊಂಡು ಬಂದರೆ ಕೊಡಬೇಕು.’